ಕಸ್ಟಮ್ ಗೇಮಿಂಗ್ ಲ್ಯಾಪ್‌ಟಾಪ್: 20 ನಿಮಿಷಕ್ಕೇ ಜಿಪಿಯು ಪವರ್ ಕುಸಿಯುತ್ತೆ, ಮಾರಿದವರು ‘ಇದು ನಾರ್ಮಲ್’ ಅಂತಾರೆ

ಬಳ್ಳಾರಿ_ಬಿಸಿಲು:

ಎಲ್ಲರಿಗೂ ನಮಸ್ಕಾರ. ಆರ್ಡರ್ ಕೊಟ್ಟು ಮಾಡಿಸಿದ 17 ಇಂಚಿನ ಲ್ಯಾಪ್‌ಟಾಪ್. ಕೋರ್ ಐ9-13980ಎಚ್‌ಎಕ್ಸ್, ಆರ್‌ಟಿಎಕ್ಸ್ 4080 12 ಜಿಬಿ, 32 ಜಿಬಿ ಡಿಡಿಆರ್5, 2 ಟಿಬಿ ಎಸ್‌ಎಸ್‌ಡಿ, 330 ವ್ಯಾಟ್ ಅಡಾಪ್ಟರ್. ಸಿಪಿಯು (ಮುಖ್ಯ ಪ್ರೊಸೆಸರ್), ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡಕ್ಕೂ ಲಿಕ್ವಿಡ್ ಮೆಟಲ್ (ಚಿಪ್ಪಿನ ಶಾಖವನ್ನು ಕೂಲರಿಗೆ ದಾಟಿಸುವ ದ್ರವ ಲೋಹ) ಹಾಕಲು ಬೇರೆ ದುಡ್ಡು ತಗೊಂಡಿದ್ದಾರೆ, ಬಿಲ್ಲಿನಲ್ಲೂ ಬರೆದಿದ್ದಾರೆ. ವಾರಂಟಿ 2 ವರ್ಷ, ಈಗ 5ನೇ ತಿಂಗಳು. ಆನ್‌ಲೈನಲ್ಲಿ ತಗೊಂಡು ಕೊರಿಯರ್‌ನಲ್ಲಿ ತರಿಸಿದ್ದು.

ಸಮಸ್ಯೆ ಇಷ್ಟು. ಆಟ ಶುರುವಾದಾಗ ಜಿಪಿಯು 150 ವ್ಯಾಟಿನ ಮೇಲೆ ಓಡುತ್ತೆ. 20 ನಿಮಿಷ ಆಗುವಷ್ಟರಲ್ಲಿ 95 ವ್ಯಾಟಿಗೆ ಇಳಿಯುತ್ತೆ, ಫ್ರೇಮ್ ರೇಟ್ 90ರಿಂದ 60ರ ಆಸುಪಾಸಿಗೆ ಬೀಳುತ್ತೆ. ಆಗ ಜಿಪಿಯು 87 ಡಿಗ್ರಿ, ಸಿಪಿಯು 98–100. ಫ್ಯಾನು ಪೂರ್ತಿ ವೇಗದಲ್ಲೇ ಇರುತ್ತೆ. ರೂಮು 31 ಡಿಗ್ರಿ.

ಮಾರಿದವರು ವಾಟ್ಸಾಪ್‌ನಲ್ಲಿ ‘ಐ9 ಅಂದಮೇಲೆ 100 ಡಿಗ್ರಿ ನಾರ್ಮಲ್’ ಅಂತ ಉತ್ತರಿಸಿದ್ದಾರೆ, ತಳ ಬಿಚ್ಚಿದರೆ ವಾರಂಟಿ ಹೋಗುತ್ತೆ ಅಂತಲೂ ಹೇಳಿದ್ದಾರೆ. ಇದು ನಿಜವಾಗಲೂ ನಾರ್ಮಲ್ಲಾ? ಅಲ್ಲ ಅಂದ್ರೆ ಅವರಿಗೆ ಏನು ತೋರಿಸಬೇಕು?

ಹೀಟ್‌ಪೈಪ್:

ಅವರ ಮಾತು ಅರ್ಧ ಸತ್ಯ. ಈ ಸಿಪಿಯುಗೆ ಇಂಟೆಲ್ ಕೊಟ್ಟಿರುವ ಮಿತಿಯೇ 100 ಡಿಗ್ರಿ. ಬೇಸ್ ಪವರ್ 55 ವ್ಯಾಟ್, ಟರ್ಬೊ 157 ವ್ಯಾಟಿನವರೆಗೆ ಹೋಗುತ್ತೆ. ಹಾಗಾಗಿ ಎಲ್ಲ ಕೋರ್ ಒಟ್ಟಿಗೆ ಓಡಿದಾಗ ಮೊದಲ ಕೆಲವು ಸೆಕೆಂಡು 100 ಮುಟ್ಟುವುದು ದೋಷ ಅಲ್ಲ. ನೋಡಬೇಕಾದ್ದು 100 ಡಿಗ್ರಿಯಲ್ಲಿ ಎಷ್ಟು ವ್ಯಾಟ್ ನಿಲ್ಲುತ್ತೆ ಅನ್ನೋದು. 110 ವ್ಯಾಟ್ ತಿಂದು 100 ಆದರೆ ಕೂಲರ್ ತನ್ನ ಕೆಲಸ ಮಾಡ್ತಿದೆ. 65 ವ್ಯಾಟಿಗೇ 100 ಆದರೆ ಶಾಖ ಹೀಟ್‌ಸಿಂಕಿಗೆ (ಚಿಪ್ ಮೇಲೆ ಕೂರುವ ಲೋಹದ ಕೂಲರಿಗೆ) ದಾಟ್ತಾ ಇಲ್ಲ ಅಂತ ಅರ್ಥ.

ಜಿಪಿಯು ವಿಷಯದಲ್ಲಿ ನಿಮಗೆ ದೂರಲು ಕಾರಣ ಇದೆ. ಲ್ಯಾಪ್‌ಟಾಪಿನ 4080ಗೆ ಎನ್‌ವಿಡಿಯಾ ಇಟ್ಟಿರುವ ವ್ಯಾಪ್ತಿ 60ರಿಂದ 150 ವ್ಯಾಟ್, ಡೈನಾಮಿಕ್ ಬೂಸ್ಟ್‌ನಿಂದ (ಸಿಪಿಯು ಬಳಸದ ಪವರ್ ಜಿಪಿಯುಗೆ ಕೊಡುವ ವ್ಯವಸ್ಥೆ) ಇನ್ನೂ 25 ಸೇರಿ 175 ಆಗಬಹುದು. ನಿಮ್ಮ ಮಾಡೆಲ್ಲಿಗೆ ಎಷ್ಟು ಅಂತ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಅಂತ ಇರುತ್ತೆ, ಸ್ಕ್ರೀನ್‌ಶಾಟ್ ತೆಗೆದಿಡಿ. ಅಲ್ಲಿ 175 ಅಂತಿದ್ದು ಓಡುವುದು 95 ಆದರೆ, 4080 ದುಡ್ಡು ಕೊಟ್ಟು ಕೆಳಗಿನ ದರ್ಜೆಯ ಕಾರ್ಡಿನ ಕೆಲಸ ತಗೊಳ್ತಿದ್ದೀರಿ.

ಆದರೆ ಒಂದು ವಿಷಯ ಬೇರ್ಪಡಿಸಬೇಕು. ಈ ಚಾಸಿಗಳಲ್ಲಿ ಸಿಪಿಯು, ಜಿಪಿಯು ಎರಡೂ ಒಂದೇ ಹೀಟ್‌ಪೈಪ್‌ಗಳನ್ನು (ಶಾಖ ಸಾಗಿಸುವ ತಾಮ್ರದ ಕೊಳವೆ) ಹಂಚಿಕೊಳ್ಳುತ್ತವೆ. ಸಿಪಿಯು ಬಿಸಿಯಾದರೆ ಜಿಪಿಯು ಪಾಲಿಗೂ ಆ ಬಿಸಿ ಹೋಗುತ್ತೆ. ಆದ್ದರಿಂದ ಒಂದೊಂದನ್ನೇ ಓಡಿಸಿ ಅಳೆಯದೆ ತೀರ್ಮಾನ ಹೇಳಲಾಗದು. ಹೀಗೆ ಮಾಡಿ:

ಹಿಂಭಾಗ ಎರಡು-ಮೂರು ಸೆಂಟಿಮೀಟರ್ ಎತ್ತಿಡಿ, ಬ್ಯಾಟರಿ 100%, ಪರ್ಫಾರ್ಮೆನ್ಸ್ ಮೋಡ್, ಫ್ಯಾನು ಮ್ಯಾಕ್ಸ್. ಎಚ್‌ಡಬ್ಲ್ಯುಇನ್ಫೊ64 (ಶಾಖ, ವ್ಯಾಟ್ ತೋರಿಸುವ ಸಾಫ್ಟ್‌ವೇರ್) ತೆರೆದು ಸೆನ್ಸರ್ ಲಾಗ್ ಆನ್ ಮಾಡಿ, ಅದು ಸಿಎಸ್‌ವಿ ಫೈಲ್ ಬರೆಯುತ್ತೆ.

ಮೊದಲು ಸಿಪಿಯು ಮಾತ್ರ: ಸಿನಿಬೆಂಚ್ ಆರ್23 (ಸಿಪಿಯುಗೆ ಪೂರ್ತಿ ಕೆಲಸ ಕೊಡುವ ಪರೀಕ್ಷೆ), 10 ನಿಮಿಷ. ಪ್ಯಾಕೇಜ್ ಪವರ್ (ಸಿಪಿಯು ತಿನ್ನುವ ಒಟ್ಟು ವ್ಯಾಟ್) ಕೊನೆಯಲ್ಲಿ ಎಷ್ಟಕ್ಕೆ ನಿಂತಿತು, ಪಿ-ಕೋರ್‌ಗಳ (ವೇಗದ ದೊಡ್ಡ ಕೋರ್‌ಗಳು) ನಡುವೆ ಎಷ್ಟು ಡಿಗ್ರಿ ಅಂತರ ಇತ್ತು ಬರೆದುಕೊಳ್ಳಿ. 17 ಇಂಚಿನ ದಪ್ಪ ಚಾಸಿಯಲ್ಲಿ 100 ವ್ಯಾಟಿನ ಆಸುಪಾಸು ನಿಲ್ಲಬೇಕು. ಕೋರ್ ಕೋರಿಗೆ 5–10 ಡಿಗ್ರಿ ಹೆಚ್ಚುಕಮ್ಮಿ ಸಹಜ. 15 ದಾಟಿದರೆ ಹೀಟ್‌ಸಿಂಕ್ ಒಂದು ಕಡೆ ಸರಿಯಾಗಿ ಕೂತಿಲ್ಲ, ಇಲ್ಲವೇ ಆ ಜಾಗದಲ್ಲಿ ಲಿಕ್ವಿಡ್ ಮೆಟಲ್ ಇಲ್ಲ.

ಆಮೇಲೆ ಯಂತ್ರ 15 ನಿಮಿಷ ತಣ್ಣಗಾಗಲಿ. ನಂತರ ಜಿಪಿಯು ಮಾತ್ರ: ಫರ್‌ಮಾರ್ಕ್ (ಜಿಪಿಯುಗೆ ಪೂರ್ತಿ ಕೆಲಸ ಕೊಡುವ ಪರೀಕ್ಷೆ) 15 ನಿಮಿಷ. ಜಿಪಿಯು ಟೆಂಪರೇಚರ್ ಮತ್ತು ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ನಡುವಿನ ಅಂತರ ನೋಡಿ. 10–15 ಇದ್ದರೆ ಆರೋಗ್ಯ. (50 ಸರಣಿಯ ಕಾರ್ಡುಗಳಲ್ಲಿ ಈ ಹಾಟ್‌ಸ್ಪಾಟ್ ಸೆನ್ಸರ್ ಕಾಣಿಸಲ್ಲ, ನಿಮ್ಮದು 40 ಸರಣಿ ಆಗಿದ್ದು ಅನುಕೂಲವೇ ಆಯ್ತು.)

ಎರಡು ಫ್ಯಾನಿನ ಆರ್‌ಪಿಎಂ ಕೂಡ ನೋಡಿ. ಒಂದು ಇನ್ನೊಂದಕ್ಕಿಂತ ತೀರಾ ಕಮ್ಮಿ ತಿರುಗುತ್ತಿದ್ದರೆ ಬೇರೆ ಏನೂ ಹುಡುಕಬೇಕಿಲ್ಲ. ಆಟದ ಮಧ್ಯೆ ಬ್ಯಾಟರಿ 100ರಿಂದ ಇಳಿಯುತ್ತಾ ಹೋದರೆ ಅಡಾಪ್ಟರ್ ಸಾಲುತ್ತಿಲ್ಲ. ಅಡಾಪ್ಟರ್ ಇಟ್ಟಿಗೆಯ ಮೇಲಿನ ಲೇಬಲ್ ಓದಿ: ವೋಲ್ಟ್, ಆಂಪ್ ಗುಣಿಸಿದರೆ 330ರ ಆಸುಪಾಸು ಬರಬೇಕು, ಉದಾಹರಣೆಗೆ 20 ವೋಲ್ಟ್, 16.5 ಆಂಪ್.

ಬಳ್ಳಾರಿ_ಬಿಸಿಲು:

ಥ್ಯಾಂಕ್ಸ್ ಸರ್, ಹಾಗೇ ಮಾಡಿದೆ. ರೂಮು 30 ಡಿಗ್ರಿ.

ಸಿಪಿಯು ಮಾತ್ರ: ಕೊನೆಗೆ 71 ವ್ಯಾಟ್. ಅತಿ ಬಿಸಿ ಕೋರ್ 100, ಅತಿ ತಣ್ಣನೆಯದು 79.
ಜಿಪಿಯು ಮಾತ್ರ: 112 ವ್ಯಾಟ್, 87 ಡಿಗ್ರಿ, ಹಾಟ್‌ಸ್ಪಾಟ್ 108.
ಫ್ಯಾನು ಎರಡೂ ಸರಿಸುಮಾರು ಸಮ. ಬ್ಯಾಟರಿ 100ರಲ್ಲೇ ಇತ್ತು. ಲೇಬಲ್ 20 ವೋಲ್ಟ್ 16.5 ಆಂಪ್. ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ 175.

ಹೀಟ್‌ಪೈಪ್:

ಇದು ನಾರ್ಮಲ್ ಅಲ್ಲ. ಸಿಪಿಯು ಸುಮ್ಮನಿದ್ದಾಗಲೂ ಜಿಪಿಯು 112 ವ್ಯಾಟಿಗೇ 87ಕ್ಕೆ ಬಂದು ಕೂತಿದೆ ಅಂದಮೇಲೆ ಹಂಚಿಕೊಂಡ ಹೀಟ್‌ಪೈಪಿನ ನೆಪ ಹೇಳುವ ಹಾಗಿಲ್ಲ. ಕೋರ್‌ಗಳಲ್ಲಿ 21 ಡಿಗ್ರಿ ಅಂತರ, ಹಾಟ್‌ಸ್ಪಾಟಿಗೂ 21 ಡಿಗ್ರಿ ಅಂತರ. ಎರಡೂ ಚಿಪ್ಪಿನ ಮೇಲೆ ಸಂಪರ್ಕ ಕೆಟ್ಟಿದೆ. ಫ್ಯಾನು, ಅಡಾಪ್ಟರ್, ರೂಮಿನ ಬಿಸಿ ಮೂರೂ ಪಟ್ಟಿಯಿಂದ ಹೊರಗೆ.

ಲಿಕ್ವಿಡ್ ಮೆಟಲ್‌ನಲ್ಲಿ ಹೀಗಾಗುವುದು ಅಪರೂಪ ಅಲ್ಲ. ಅದು ದ್ರವ. ಕೊರಿಯರ್‌ನಲ್ಲಿ ಡಬ್ಬಿ ಅಡ್ಡ, ಉದ್ದ, ತಲೆಕೆಳಗಾಗಿ ಬರುತ್ತೆ, ದಿನಾ ಬಿಸಿ-ತಂಪು ಆಗುತ್ತೆ, ಹಾಗಾಗಿ ಡೈ (ಚಿಪ್ಪಿನ ಸಿಲಿಕಾನ್ ತುಂಡು) ಮೇಲಿಂದ ಅಂಚಿಗೆ ಸರಿಯುತ್ತೆ. ಅದರಲ್ಲಿರುವ ಗ್ಯಾಲಿಯಂ ತಾಮ್ರಕ್ಕೂ ನಿಧಾನವಾಗಿ ಇಳಿಯುತ್ತೆ. ಹೀಟ್‌ಸಿಂಕಿನ ತಾಮ್ರಕ್ಕೆ ನಿಕ್ಕಲ್ ಲೇಪ ಇಲ್ಲದಿದ್ದರೆ ಮೊದಲ ಸಲ ಹಾಕಿದ್ದು ಕೆಲವು ತಿಂಗಳಲ್ಲಿ ಒಣಗಿದಂತಾಗಿ, ಇನ್ನೊಂದು ಸಲ ಹಾಕಬೇಕಾಗುತ್ತೆ. ಡೈ ನಡುವೆ ಒಣ ಮಚ್ಚೆ ಬಿದ್ದಿರುತ್ತೆ, ಅಂಚಿನಲ್ಲಿ ಬೆಳ್ಳಿ ಬಣ್ಣದ ಮಣಿ ನಿಂತಿರುತ್ತೆ.

ಅದಕ್ಕೇ ನೀವೇ ಬಿಚ್ಚಬೇಡಿ. ವಾರಂಟಿಗಿಂತ ದೊಡ್ಡ ಕಾರಣ ಇದೆ: ಅದು ವಿದ್ಯುತ್ ಹರಿಸುವ ವಸ್ತು. ಹೀಟ್‌ಸಿಂಕ್ ಎತ್ತುವಾಗ ಒಂದು ಹನಿ ಡೈ ಪಕ್ಕದ ಕೆಪಾಸಿಟರ್ ಮೇಲೆ ಬಿದ್ದು, ಗಮನಿಸದೆ ಪವರ್ ಕೊಟ್ಟರೆ ಬೋರ್ಡೇ ಹೋಗಬಹುದು. ಈ ಲ್ಯಾಪ್‌ಟಾಪ್‌ಗಳಲ್ಲಿ ಸಿಪಿಯು, ಜಿಪಿಯು ಎರಡೂ ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಬೋರ್ಡ್ ಹೋದರೆ ಯಂತ್ರದ ಮುಕ್ಕಾಲು ಬೆಲೆ ಹೋದ ಹಾಗೆ. ಹಾಕಿದವರೇ ತೆಗೆಯಲಿ.

ಮತ್ತೆ ಲಿಕ್ವಿಡ್ ಮೆಟಲ್ ಹಾಕಿಸಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹನಿವೆಲ್ ಪಿಟಿಎಂ7950 ಕೇಳಿ. ಅದು ಹಾಳೆ ರೂಪದಲ್ಲಿ ಬರುತ್ತೆ, ಸುಮಾರು 45 ಡಿಗ್ರಿಗೆ ಮೆದುವಾಗಿ ಸಂದು ತುಂಬುತ್ತೆ, ತಣಿದಾಗ ಗಟ್ಟಿಯಾಗುತ್ತೆ, ಅಂಚಿಗೆ ಹರಿದುಹೋಗಲ್ಲ, ವಿದ್ಯುತ್ ಹರಿಸಲ್ಲ. ಒಳ್ಳೆ ಲಿಕ್ವಿಡ್ ಮೆಟಲ್‌ಗಿಂತ ಕೆಲವು ಡಿಗ್ರಿ ಹೆಚ್ಚಿರಬಹುದು, ಆದರೆ ವರ್ಷ ಕಳೆದರೂ ಅಷ್ಟೇ ಇರುತ್ತೆ. ಹಾಕಿದ ದಿನವೇ ಅಳೆದು ನಿರಾಶರಾಗಬೇಡಿ. ನಾಲ್ಕೈದು ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಸರಿಯಾಗಿ ಕೂರುತ್ತೆ. ಅವರು ಬಿಚ್ಚಿದಾಗಲೇ ಮೆಮೊರಿ ಚಿಪ್, ವಿಆರ್‌ಎಂ (ಚಿಪ್‌ಗಳಿಗೆ ಬೇಕಾದ ವೋಲ್ಟೇಜ್ ಕೊಡುವ ಭಾಗ) ಮೇಲಿನ ಥರ್ಮಲ್ ಪ್ಯಾಡ್‌ಗಳನ್ನೂ (ಶಾಖ ದಾಟಿಸುವ ಮೆತ್ತನೆ ಪಟ್ಟಿ) ನೋಡಲು ಹೇಳಿ. ಪ್ಯಾಡ್ ಬೇಕಾದ್ದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪ ಆದರೂ ಹೀಟ್‌ಸಿಂಕ್ ಡೈ ಮೇಲೆ ಒತ್ತಿ ಕೂರಲ್ಲ, ಎಂಥ ಪೇಸ್ಟ್ ಹಾಕಿದರೂ ಇದೇ ರೋಗ ಮರಳುತ್ತೆ.

ಗ್ರಾಹಕ_ಕಟ್ಟೆ:

ಮಾರಿದವರ ಜೊತೆ ವ್ಯವಹಾರದ ಬಗ್ಗೆ ನಾನು ಹೇಳ್ತೀನಿ. ಮೊದಲ ಕೆಲಸ: ವಾಟ್ಸಾಪ್ ಬಿಟ್ಟು ಇಮೇಲ್‌ಗೆ ಬನ್ನಿ. ಚಾಟ್‌ನಲ್ಲಿ ‘ನಾರ್ಮಲ್’ ಅಂದಿದ್ದನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಮೇಲ್‌ನಲ್ಲಿ ಕೋಪ ಬೇಡ, ಕಥೆಯೂ ಬೇಡ, ಅಂಕಿ ಸಾಕು. ಹೀಗೆ ಬರೆಯಬಹುದು:

‘ಬಿಲ್ ನಂಬರ್ ಇಂಥದ್ದು, ಸೀರಿಯಲ್ ನಂಬರ್ ಇಂಥದ್ದು. ವಾರಂಟಿ ಚಾಲ್ತಿಯಲ್ಲಿದೆ. 30 ಡಿಗ್ರಿ ಕೋಣೆಯಲ್ಲಿ, ಫ್ಯಾನ್ ಪೂರ್ಣ ವೇಗದಲ್ಲಿರುವಾಗ, ಜಿಪಿಯು ಮಾತ್ರ ಓಡಿಸಿದರೆ 175ರ ಬದಲು 112 ವ್ಯಾಟ್‌ಗೆ ನಿಲ್ಲುತ್ತಿದೆ, ಹಾಟ್‌ಸ್ಪಾಟ್ 108 ಡಿಗ್ರಿ. ಸಿಪಿಯು ಮಾತ್ರ ಓಡಿಸಿದರೆ ಕೋರ್‌ಗಳ ನಡುವೆ 21 ಡಿಗ್ರಿ ಅಂತರವಿದೆ. ಲಾಗ್ ಫೈಲ್ ಲಗತ್ತಿಸಿದ್ದೇನೆ. ಬಿಲ್ಲಿನಲ್ಲಿ ಹಣ ಪಡೆದು ಮಾಡಿರುವ ಲಿಕ್ವಿಡ್ ಮೆಟಲ್ ಕೆಲಸವನ್ನು ವಾರಂಟಿಯಡಿ ಸರಿಪಡಿಸಿಕೊಡಿ, ಸರಿಪಡಿಸಿದ ಮೇಲೆ ಇದೇ ಪರೀಕ್ಷೆಯ ಲಾಗ್ ಕಳಿಸಿಕೊಡಿ. ಪಿಕಪ್ ಯಾವ ದಿನ ಎಂದು ತಿಳಿಸಿ.’

ಕೊನೆಯಿಂದ ಎರಡನೇ ಸಾಲನ್ನು ಬಿಡಲೇಬೇಡಿ. ಇಲ್ಲದಿದ್ದರೆ ‘ಸರ್ವಿಸ್ ಆಗಿದೆ, ಓಕೆ ಇದೆ’ ಅಂತ ಒಂದು ಚೀಟಿ ಅಂಟಿಸಿ ಅದೇ ಸ್ಥಿತಿಯಲ್ಲಿ ವಾಪಸ್ ಬರುತ್ತೆ.

ಆನ್‌ಲೈನಲ್ಲಿ ಮಾರುವವರಿಗೆ 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ಅವರ ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ಸಂಪರ್ಕ ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೇಲ್ ಅನ್ನು ಆ ಅಧಿಕಾರಿಗೇ ಕಳಿಸಿ.

ಆದರೂ ಅಲ್ಲಾಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಸಿಗುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಇಟ್ಟುಕೊಂಡು ಮತ್ತೊಂದು ಮೇಲ್ ಹಾಕಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅಂಗಡಿ ಯಾವ ಊರಲ್ಲಿದ್ದರೂ ನೀವು ಅಲೆಯಬೇಕಿಲ್ಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಒಂದು ಪ್ರಶ್ನೆ: ಬಿಲ್ ನಿಮ್ಮ ಹೆಸರಲ್ಲಿದೆಯೋ, ಕಂಪನಿಯ ಜಿಎಸ್‌ಟಿ ನಂಬರಿಗೆ ಮಾಡಿಸಿದ್ದೋ? 18% ಜಿಎಸ್‌ಟಿ ವಾಪಸ್ ಪಡೆಯಬಹುದು ಅಂತ ಹಲವರು ಕಂಪನಿ ಹೆಸರಲ್ಲಿ ಬಿಲ್ ಮಾಡಿಸ್ತಾರೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ‘ಗ್ರಾಹಕ’ ಅಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡಿದ್ದರೆ ವಿನಾಯಿತಿ ಇದೆ, ಆದರೆ ಅದನ್ನು ನೀವೇ ತೋರಿಸಿಕೊಡಬೇಕು.

ಬಳ್ಳಾರಿ_ಬಿಸಿಲು:

ಬಿಲ್ ನನ್ನ ಹೆಸರಲ್ಲೇ ಇದೆ. ಮೇಲ್ ಕಳಿಸಿದೆ, ಲಾಗ್ ನೋಡಿ ಸರ್ವಿಸ್ ಸೆಂಟರಿಗೆ ಕಳಿಸಿ ಅಂದಿದ್ದಾರೆ. ಪಿಟಿಎಂ ಹಾಕಲೂ ಒಪ್ಪಿದ್ದಾರೆ. ಕೊರಿಯರ್‌ಗೆ ಕೊಡುವ ಮುಂಚೆ ಏನು ಮಾಡಬೇಕು? ಅಲ್ಲಿವರೆಗೆ ಬಳಸಬಹುದಾ?

ಬೋರ್ಡ್_ಬೆಸುಗೆ:

ಬಳಸಬಹುದು, ಆದರೆ ಆಟಕ್ಕೆ ಫ್ರೇಮ್ ರೇಟ್ ಮಿತಿ ಹಾಕಿ, ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99% ಮಾಡಿ. ಟರ್ಬೊ ನಿಂತು ಸಿಪಿಯು ಶಾಖ ಒಮ್ಮೆಲೇ ಇಳಿಯುತ್ತೆ. ಲ್ಯಾಪ್‌ಟಾಪನ್ನು ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟುಕೊಂಡು ತಿರುಗಬೇಡಿ, ಲಿಕ್ವಿಡ್ ಮೆಟಲ್ ಇನ್ನೂ ಸರಿಯಬಹುದು.

ಕಳಿಸುವ ಮುಂಚೆ ಮುಖ್ಯವಾದದ್ದು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ. ಅವರು ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಮಾಡಿದರೂ, ವಿಂಡೋಸ್ ಆ 48 ಅಂಕಿಯ ಕೀ ಕೇಳುತ್ತೆ. ಇಲ್ಲ ಅಂದರೆ ಡೇಟಾ ಸಿಗಲ್ಲ. ಕಾಗದದ ಮೇಲೆ ಬರೆದಿಡಿ. ವಿಂಡೋಸ್ ಲೈಸೆನ್ಸ್ ಕೂಡ ಬೋರ್ಡಿಗೆ ಕಟ್ಟಿಕೊಂಡಿರುತ್ತೆ, ಬೋರ್ಡ್ ಬದಲಾದರೆ ಆಕ್ಟಿವೇಟ್ ಮಾಡಿಕೊಡುವುದು ಅವರ ಕೆಲಸ ಅಂತ ಮೇಲ್‌ನಲ್ಲಿ ಸೇರಿಸಿ.

ಎಸ್‌ಎಸ್‌ಡಿಯ ಬ್ಯಾಕಪ್ ತಗೊಳ್ಳಿ. ಅದನ್ನು ತೆಗೆದು ಕಳಿಸಬೇಕು ಅನ್ನಿಸಿದರೆ, ತಳ ಬಿಚ್ಚಲು ಒಪ್ಪಿಗೆಯನ್ನು ಮೊದಲು ಮೇಲ್‌ನಲ್ಲಿ ಪಡೆಯಿರಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿಯ ಸೀರಿಯಲ್, ಪವರ್-ಆನ್ ಗಂಟೆಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ಸಿಪಿಯು-ಝಡ್‌ನಲ್ಲಿ ರ್‍ಯಾಮ್‌ನ ಪಾರ್ಟ್ ನಂಬರ್ ತೆಗೆಯಿರಿ. ವಾಪಸ್ ಬಂದಾಗ ಹೋಲಿಸಲು ಇವೇ ಆಧಾರ.

ಪ್ಯಾಕಿಂಗ್‌ಗೆ ಬಂದ ಡಬ್ಬಿ, ಫೋಮ್ ಇದ್ದರೆ ಅದೇ ಉತ್ತಮ. ಅಡಾಪ್ಟರ್ ಇಟ್ಟಿಗೆ ಒಂದು ಕಿಲೋಗೂ ಹೆಚ್ಚು ತೂಗುತ್ತೆ, ಲ್ಯಾಪ್‌ಟಾಪ್ ಮೇಲೆ ಬಿಡಿಯಾಗಿ ಇಟ್ಟರೆ ದಾರಿಯಲ್ಲಿ ಸ್ಕ್ರೀನ್ ಒಡೆಯುವುದೇ ಅದರಿಂದ. ಅದರ ಖಾನೆಯಲ್ಲೇ ಇಟ್ಟು ಟೇಪ್ ಹಾಕಿ. ಕೀಬೋರ್ಡಿಗೂ ಸ್ಕ್ರೀನಿಗೂ ನಡುವೆ ತೆಳು ಫೋಮ್ ಹಾಳೆ. ಸ್ಲೀಪ್ ಬೇಡ, ಪೂರ್ತಿ ಶಟ್‌ಡೌನ್ ಮಾಡಿ, ಬ್ಯಾಟರಿ ಅರ್ಧದಷ್ಟಿರಲಿ. ಒಳಗೆ ಲಿಥಿಯಂ ಬ್ಯಾಟರಿ ಇದೆ ಅಂತ ಕೊರಿಯರ್‌ನವರಿಗೆ ಹೇಳಿ, ಸಾಗಣೆ ವಿಮೆ ಮಾಡಿಸಿ. ನಾಲ್ಕೂ ಬದಿ, ಮೂಲೆಗಳು, ಓಡುತ್ತಿರುವ ಸ್ಕ್ರೀನ್, ತಳದ ಸೀರಿಯಲ್ ನಂಬರ್ ಸೇರಿಸಿ ಕಟ್ ಇಲ್ಲದ ಒಂದೇ ವಿಡಿಯೊ, ಡಬ್ಬಿ ಮುಚ್ಚಿ ಟೇಪ್ ಹಾಕುವವರೆಗೆ. ವಾಪಸ್ ಬಂದಾಗ ಬಿಚ್ಚುವುದಕ್ಕೂ ಹಾಗೇ.

ತಳದ ಲೇಬಲ್ಲಿನಲ್ಲಿ ಚಾಸಿಯ ಮಾಡೆಲ್ ಕೋಡ್ ಇರುತ್ತೆ, ಅದನ್ನೂ ಬರೆದಿಟ್ಟುಕೊಳ್ಳಿ. ಕಸ್ಟಮ್ ಮಾರುವವರಲ್ಲಿ ಬಹುತೇಕರು ಕ್ಲೆವೊ ಅಥವಾ ಟಾಂಗ್‌ಫಾಂಗ್‌ನಂಥ ತಯಾರಕರ ಬೇರ್‌ಬೋನ್ (ಬ್ರ್ಯಾಂಡ್ ಹೆಸರಿಲ್ಲದ ಅರೆಸಿದ್ಧ ಲ್ಯಾಪ್‌ಟಾಪ್) ತರಿಸಿ ತಮ್ಮ ಹೆಸರು ಹಾಕಿ ಕೊಡುವವರು. ಮುಂದೆ ಬ್ಯಾಟರಿ, ಫ್ಯಾನು, ಹಿಂಜ್ ಬೇಕಾದರೆ ಹುಡುಕಬೇಕಾದ್ದು ಆ ಕೋಡಿನಿಂದ. ಆದರೆ ಅದೇ ಚಾಸಿಯ ಬೇರೆ ಬ್ರ್ಯಾಂಡಿನ ಬಯೋಸ್ ಅಥವಾ ಇಸಿ (ಬೋರ್ಡಿನ ಮೇಲಿನ ಪುಟ್ಟ ನಿಯಂತ್ರಣ ಚಿಪ್) ಫರ್ಮ್‌ವೇರ್ ಮಾತ್ರ ಎಂದೂ ಹಾಕಬೇಡಿ. ಫ್ಯಾನು ನಿಯಂತ್ರಣ, ಕೀಬೋರ್ಡ್, ಚಾರ್ಜಿಂಗ್ ಎಲ್ಲ ಇಸಿ ಕೈಯಲ್ಲಿರುತ್ತೆ, ಹೊಂದದಿದ್ದರೆ ಲ್ಯಾಪ್‌ಟಾಪ್ ಆನ್ ಕೂಡ ಆಗದೇ ಹೋಗಬಹುದು. ಮಾರಿದವರ ಸೈಟಿನಲ್ಲಿ ನಿಮ್ಮ ಮಾಡೆಲ್ಲಿನ ಬಯೋಸ್, ಇಸಿ, ಕಂಟ್ರೋಲ್ ಸೆಂಟರ್ ಫೈಲ್‌ಗಳು ಇರುವಾಗಲೇ ಇಳಿಸಿ ಪೆನ್‌ಡ್ರೈವಿಗೆ ಹಾಕಿ. ಸಣ್ಣ ಅಂಗಡಿಗಳ ಡೌನ್‌ಲೋಡ್ ಪುಟಗಳು ಮಾಡೆಲ್ ಹಳತಾದ ಮೇಲೆ ಉಳಿಯುತ್ತವೆ ಅನ್ನುವ ಭರವಸೆ ಇಲ್ಲ.

ಹೀಟ್‌ಪೈಪ್:

ವಾಪಸ್ ಬಂದ ಮೇಲೆ ಎರಡು-ಮೂರು ದಿನ ಮಾಮೂಲಾಗಿ ಆಡಿ, ಪಿಟಿಎಂ ಕೂರಲಿ. ಆಮೇಲೆ ಅದೇ ಪರೀಕ್ಷೆಗಳು, ಅದೇ ಕ್ರಮ, ರೂಮಿನ ಟೆಂಪರೇಚರ್ ಬರೆದುಕೊಂಡು. ನಿಮ್ಮೂರಲ್ಲಿ ಏಪ್ರಿಲ್‌ನಲ್ಲಿ ರೂಮು 30ರ ಬದಲು 36 ಆದರೆ ಸುಮಾರು ಆ 6 ಡಿಗ್ರಿ ಒಳಗೂ ಏರುತ್ತೆ, ಅದನ್ನು ಕಳೆದು ನೋಡಿ. ಜಿಪಿಯು ಮಾತ್ರ ಓಡಿಸಿದಾಗ 150 ವ್ಯಾಟಿನ ಆಸುಪಾಸು ನಿಂತು, ಹಾಟ್‌ಸ್ಪಾಟ್ ಅಂತರ 15ರೊಳಗೆ ಬಂದರೆ ಕೆಲಸ ಸರಿಯಾಗಿದೆ. ಹಾಟ್‌ಸ್ಪಾಟ್ ಅಂತರ ಇನ್ನೂ 20ರ ಮೇಲೇ ಇದ್ದರೆ ಪೇಸ್ಟ್ ದೂರಬೇಡಿ. ಹೀಟ್‌ಸಿಂಕ್ ತಟ್ಟೆಯೇ ಸೊಟ್ಟಗಿದೆ, ಇಲ್ಲವೇ ಪ್ಯಾಡ್ ದಪ್ಪ ಇದೆ. ಆಗ ‘ಹೀಟ್‌ಸಿಂಕ್ ಬದಲಿಸಿ’ ಅಂತಲೇ ನೇರವಾಗಿ ಬರೆಯಿರಿ, ಲಾಗ್ ಸಮೇತ.