ಕಿಟ್ ಲೆನ್ಸ್‌ನಲ್ಲಿ ಆಕಾಶಗಂಗೆ ಸಿಗುತ್ತಾ? ಯುಗಾದಿಗೆ ಊರಿಗೆ ಹೊರಟಿದ್ದೇನೆ

ಹೊಸದುರ್ಗದವ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಿಕಾನ್ ಡಿ5600 ಕ್ಯಾಮೆರಾ ಇದೆ, ಲೆನ್ಸ್ ಅಂದ್ರೆ ಜೊತೆಗೆ ಬಂದ 18-55 ಎಂಎಂ ಕಿಟ್ ಲೆನ್ಸ್ ಒಂದೇ. ಇಷ್ಟು ದಿನ ಮನೆಯವರ ಮದುವೆ, ನಾಮಕರಣದ ಫೋಟೋಗಳನ್ನೇ ಜಾಸ್ತಿ ತೆಗೆದಿದ್ದೇನೆ. ಈಗ ಬೆಟ್ಟ, ಕೆರೆ, ರಾತ್ರಿ ಆಕಾಶ ತೆಗೆಯುವುದನ್ನು ಕಲಿಯಬೇಕು ಅಂತ ತುಂಬಾ ಆಸೆ.

ಫೆಬ್ರವರಿಯಲ್ಲಿ ಊರಿಗೆ ಹೋದಾಗ ರಾತ್ರಿ 10 ಗಂಟೆಗೆ ತೋಟದಲ್ಲಿ ಟ್ರೈಪಾಡ್ ನಿಲ್ಲಿಸಿ 30 ಸೆಕೆಂಡು ಇಟ್ಟು ತೆಗೆದೆ. ಆಕಾಶ ಪೂರ್ತಿ ಬೂದಿ ಬಣ್ಣ ಬಂತು, ನಕ್ಷತ್ರಗಳೆಲ್ಲ ಊದಿಕೊಂಡ ಚುಕ್ಕೆಗಳು, ಆಕಾಶಗಂಗೆಯ ಸುಳಿವೇ ಇಲ್ಲ. ಅರ್ಧಕ್ಕಿಂತ ದೊಡ್ಡ ಚಂದ್ರ ಇದ್ದ, ಅದೂ ಒಂದು ಕಾರಣ ಇರಬಹುದು. ಹೆಚ್ಚು ಬೆಳಕು ಒಳಗೆ ಬಿಡುವ ಎಫ್ 2.8 ಲೆನ್ಸ್ ತಗೊಳ್ಳದೆ ಇದು ಆಗೋದೇ ಇಲ್ಲ ಅಂತ ಒಬ್ಬರು ಹೇಳಿದರು. ನಿಜವಾ? ಯುಗಾದಿಗೆ ಮತ್ತೆ ಊರಿಗೆ ಹೋಗ್ತಿದ್ದೇನೆ, ಅಷ್ಟರಲ್ಲಿ ಏನು ಕಲಿತುಕೊಳ್ಳಬೇಕು ಹೇಳಿ.

ಕಪ್ಪು ಆಕಾಶ:
ಈಗಲೇ ಲೆನ್ಸ್ ತಗೊಳ್ಳಬೇಡಿ. ನಿಮ್ಮ ಲೆನ್ಸ್‌ನಲ್ಲೇ ಆಕಾಶಗಂಗೆ ಬರುತ್ತೆ, ನಾನು ಮೊದಲ ವರ್ಷ ಪೂರ್ತಿ ತೆಗೆದದ್ದು ಅಂಥದರಲ್ಲೇ.

ನೀವು ನಿಂತ ಹೊತ್ತೇ ಸರಿ ಇರಲಿಲ್ಲ. ನಾವೆಲ್ಲ ಫೋಟೋದಲ್ಲಿ ನೋಡುವ ಆಕಾಶಗಂಗೆಯ ದಟ್ಟ ಭಾಗ ಫೆಬ್ರವರಿಯಲ್ಲಿ ರಾತ್ರಿ 10ಕ್ಕೆ ಇನ್ನೂ ಹುಟ್ಟಿಯೇ ಇರಲ್ಲ, ಬೆಳಗಿನ ಜಾವದವರೆಗೆ ಕಾಯಬೇಕು. ಆದರೆ ಯುಗಾದಿ ನಿಮಗೆ ಒಳ್ಳೆಯ ಅವಕಾಶ. ಹಬ್ಬ ಬರುವುದೇ ಅಮಾವಾಸ್ಯೆಯ ಮರುದಿನ ಅಲ್ವಾ, ಅಂದರೆ ಚಂದ್ರನ ಕಾಟವೇ ಇಲ್ಲ. ಆ ಹೊತ್ತಿಗೆ ದಟ್ಟ ಭಾಗ ಮಧ್ಯರಾತ್ರಿಯ ಆಸುಪಾಸಿನಲ್ಲಿ ಆಗ್ನೇಯದಲ್ಲಿ ಹುಟ್ಟಿ, ರಾತ್ರಿ 2ರಿಂದ 5ರೊಳಗೆ ಚೆನ್ನಾಗಿ ಮೇಲೆ ಬಂದಿರುತ್ತೆ. ಶಿವರಾತ್ರಿ ಜಾಗರಣೆಯೂ ಹೀಗೇ, ಅಮಾವಾಸ್ಯೆಯ ಹಿಂದಿನ ರಾತ್ರಿ. ಇದಕ್ಕೆ ಆ್ಯಪ್ ಕೂಡ ಬೇಕಿಲ್ಲ, ಮನೆಯ ಗೋಡೆಯ ಕ್ಯಾಲೆಂಡರ್ ಸಾಕು. ಜೂನ್ ಬಂದರೆ ಮೋಡ ಮುಚ್ಚುತ್ತೆ, ಆದ್ದರಿಂದ ನಮ್ಮ ಕಡೆ ಶಿವರಾತ್ರಿಯಿಂದ ಮೇ ತನಕವೇ ಸೀಸನ್.

ಚುಕ್ಕೆ ಊದಿಕೊಂಡಿದ್ದು ಫೋಕಸ್ ತಪ್ಪಿದ್ದರಿಂದ. ಕತ್ತಲಲ್ಲಿ ಆಟೋಫೋಕಸ್ ನಂಬಬೇಡಿ. ಮ್ಯಾನ್ಯುಯಲ್‌ಗೆ ಹಾಕಿ, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ ನೋಡುತ್ತಾ, ಅದು ಸೂಜಿಮೊನೆಯಷ್ಟು ಚಿಕ್ಕದಾಗುವವರೆಗೆ ರಿಂಗ್ ತಿರುಗಿಸಿ. ಅಲ್ಲಿಗೆ ನಿಲ್ಲಿಸಿ, ಆಮೇಲೆ ಮುಟ್ಟಬೇಡಿ. ಹೊಸ ಕಿಟ್ ಲೆನ್ಸ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿದರೆ ಫೋಕಸ್ ಜಾಗ ಬದಲಾಗುವುದುಂಟು, ಹಾಗಾಗಿ ಪ್ರತಿ ಸಲ ಆನ್ ಮಾಡಿದಾಗ ಮತ್ತೆ ನೋಡಿಕೊಳ್ಳಿ. ಇದನ್ನು ಬೆಂಗಳೂರಿನ ಟೆರೇಸ್ ಮೇಲೇ ಅಭ್ಯಾಸ ಮಾಡಬಹುದು, ಅದಕ್ಕೆ ಒಂದೇ ಒಂದು ನಕ್ಷತ್ರ ಕಂಡರೂ ಸಾಕು.

30 ಸೆಕೆಂಡು ಜಾಸ್ತಿ ಆಯ್ತು. ಭೂಮಿ ತಿರುಗುತ್ತಿರುತ್ತೆ, ನಕ್ಷತ್ರ ಗೆರೆಯಾಗುತ್ತೆ. 500ನ್ನು ಫೋಕಲ್ ಲೆಂತ್‌ನಿಂದ (ಲೆನ್ಸ್ ಮೇಲಿನ ಎಂಎಂ ಸಂಖ್ಯೆಯಿಂದ) ಭಾಗಿಸಿದರೆ ಬರುವಷ್ಟೇ ಸೆಕೆಂಡು ಅಂತ ಹಳೆಯ ಲೆಕ್ಕ ಇದೆ. ನಿಮ್ಮದು ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರ್, ಹಾಗಾಗಿ ಮೊದಲು 18ನ್ನು 1.5ರಿಂದ ಗುಣಿಸಬೇಕು, 27 ಆಯ್ತು. 500ನ್ನು 27ರಿಂದ ಭಾಗಿಸಿದರೆ ಸುಮಾರು 18 ಸೆಕೆಂಡು. ಆದರೆ ಈಗಿನ ಸೆನ್ಸರ್‌ಗಳಲ್ಲಿ ಸಣ್ಣ ಗೆರೆಯೂ ಕಾಣುತ್ತೆ, 13-15ಕ್ಕೆ ನಿಲ್ಲಿಸಿ. 18 ಎಂಎಂ, ಎಫ್ 3.5 (ಲೆನ್ಸ್ ಪೂರ್ತಿ ತೆರೆದು), ಐಎಸ್ಒ (ಬೆಳಕಿನ ಸೂಕ್ಷ್ಮತೆ) 3200, ಜೆಪೆಗ್ ಬದಲು ರಾ ಫೈಲ್, 2 ಸೆಕೆಂಡಿನ ಟೈಮರ್, ವಿಆರ್ (ಅಲುಗಾಟ ತಡೆಯುವ ಸೌಲಭ್ಯ) ಆಫ್. ಇಲ್ಲಿಂದ ಶುರು ಮಾಡಿ.

ಇನ್ನೊಂದು ಮಾತು. ಜಾಗದಿಂದ ಕದಲದೆ ಹಾಗೇ 16 ಫೋಟೋ ತೆಗೆಯಿರಿ. ಸೀಕ್ವೇಟರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಒಂದರ ಮೇಲೊಂದು ಜೋಡಿಸಿದರೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯುತ್ತೆ. ದೊಡ್ಡ ಲೆನ್ಸ್ ಮಾಡುವ ಕೆಲಸದ ಬಹುಪಾಲು ಇದರಲ್ಲೇ ಆಗುತ್ತೆ.

ಹೊಸದುರ್ಗದವ:
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಆಗ್ನೇಯದಲ್ಲಿ ಅಂತೀರಿ, ಕತ್ತಲಲ್ಲಿ ಅದೇ ಅಂತ ಗುರುತು ಹಿಡಿಯೋದು ಹೇಗೆ? ಮತ್ತೆ ಬರೀ ಆಕಾಶ ತೆಗೆದರೆ ಸಪ್ಪೆ ಅನಿಸುತ್ತೆ. ತೋಟದ ತೆಂಗು, ದೂರದ ಗುಡ್ಡದ ಮೇಲಿನ ಗಾಳಿಯಂತ್ರ ಎರಡೂ ಇವೆ. ಯಾವುದನ್ನು ಸೇರಿಸಲಿ?

ತೋಟದಮನೆ:
ಗುರುತು ಸುಲಭ. ಚೇಳನ್ನು ಹುಡುಕಿ. ವೃಶ್ಚಿಕ ರಾಶಿ ಆಕಾಶದಲ್ಲಿ ನಿಜಕ್ಕೂ ಚೇಳಿನ ಹಾಗೇ ಇದೆ. ನಡುವೆ ಕೆಂಪಗೆ ಹೊಳೆಯುವುದು ಜ್ಯೇಷ್ಠಾ, ಬಾಲ ಸುತ್ತಿಕೊಂಡು ಕೊನೆಯಲ್ಲಿ ಕೊಂಡಿ ಇರುವ ಕಡೆ ಮೂಲಾ. ಆ ಕೊಂಡಿಗೂ ಪಕ್ಕದ ಧನು ರಾಶಿಗೂ ನಡುವೆಯೇ ನಮ್ಮ ಆಕಾಶಗಂಗೆಯ ಕೇಂದ್ರ. ನಮ್ಮ ಅಜ್ಜ ಮಳೆ ಲೆಕ್ಕಕ್ಕೆ ಹೇಳುತ್ತಿದ್ದ ನಕ್ಷತ್ರದ ಹೆಸರುಗಳೇ ಇವು ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ಕೇಳಿದರೆ ತೆಂಗಿನ ಮರ. 15 ಸೆಕೆಂಡಿನಲ್ಲಿ ಗಾಳಿಯಂತ್ರದ ರೆಕ್ಕೆ ತಿರುಗಿ ಮಸುಕಾಗುತ್ತೆ, ಮೇಲಿನ ಕೆಂಪು ದೀಪವೂ ಕಣ್ಣಿಗೆ ಹೊಡೆಯುತ್ತೆ. ಗಾಳಿ ಬೀಸುತ್ತಿದ್ದರೆ ತೆಂಗಿನ ಗರಿಯೂ ಅಲ್ಲಾಡುತ್ತೆ, ಆದರೆ ಬೆಳಗಿನ ಜಾವ ಗಾಳಿ ಬಿದ್ದಿರುವುದೇ ಜಾಸ್ತಿ. ಫೋಕಸ್ ನಕ್ಷತ್ರದ ಮೇಲಿರುವುದರಿಂದ ಮರ 15-20 ಅಡಿಗಿಂತ ಹತ್ತಿರ ಬೇಡ, ಮಸುಕಾಗುತ್ತೆ. ಒಂದೇ ಮರ, ಸುತ್ತ ಖಾಲಿ ಆಕಾಶ ಇರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಕತ್ತಲಲ್ಲಿ ಜಾಗ ಹುಡುಕುತ್ತಾ ಹೋದರೆ ರಾತ್ರಿ ಅದರಲ್ಲೇ ಕಳೆದುಹೋಗುತ್ತೆ.

ಹಗಲಿನ ಫೋಟೋಗೂ ಅದೇ ಜಾಗ ಇಟ್ಟುಕೊಳ್ಳಿ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು, ಮುಳುಗಿದ ಇಪ್ಪತ್ತು ನಿಮಿಷದ ಮೇಲೆ, ಮಳೆ ನಿಂತ ಮರುಕ್ಷಣ, ಹೀಗೆ ಒಂದೇ ಮರವನ್ನು ವರ್ಷಪೂರ್ತಿ ತೆಗೆಯಿರಿ. ಲ್ಯಾಂಡ್‌ಸ್ಕೇಪ್ ಅಂತ ಜನ ಊರೂರು ಸುತ್ತುತ್ತಾರೆ, ಬೆಳಕು ಹೇಗೆ ಬದಲಾಗುತ್ತೆ ಅಂತ ನಾನು ಕಲಿತದ್ದು ನಮ್ಮ ಕೆರೆ ಏರಿಯ ಒಂದು ಆಲದ ಮರದಿಂದ.

ಘಟ್ಟದ ಮಂಜು:
ಎಲ್ಲ ಸರಿ ಹೇಳಿದ್ದಾರೆ, ಜೋಪಾನದ ಮಾತು ನಾನು ಸೇರಿಸ್ತೀನಿ. ಬೇಸಿಗೆ ರಾತ್ರಿ ಹಾವು ಓಡಾಡುತ್ತೆ. ಬೂಟು ಹಾಕಿ, ಒಬ್ಬರೇ ಹೋಗಬೇಡಿ, ಅಕ್ಕಪಕ್ಕದ ತೋಟದವರಿಗೆ ಮೊದಲೇ ಹೇಳಿಡಿ. ರಾತ್ರಿ 3 ಗಂಟೆಗೆ ಟಾರ್ಚ್ ಹಿಡಿದು ಓಡಾಡಿದರೆ ಕಳ್ಳ ಅಂದುಕೊಳ್ಳುತ್ತಾರೆ, ನನಗೆ ಒಮ್ಮೆ ಹಾಗೇ ಆಗಿ ಅರ್ಧ ಊರೇ ಎದ್ದು ಬಂದಿತ್ತು. ಕಾಯ್ದಿಟ್ಟ ಅರಣ್ಯಕ್ಕೆ ರಾತ್ರಿ ಕಾಲಿಡಲೇಬೇಡಿ.

ಟಾರ್ಚ್‌ಗೆ ಕೆಂಪು ಜಿಲೆಟಿನ್ ಪೇಪರ್ ಸುತ್ತಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಮೊಬೈಲ್ ಒಂದು ಸಲ ನೋಡಿದರೂ ಅಷ್ಟೂ ಹೋಯ್ತು. ಬೆಳಗಿನ ಜಾವ ಇಬ್ಬನಿ ಲೆನ್ಸ್ ಮೇಲೆ ಕೂರುತ್ತೆ, ಆಗಾಗ ನೋಡುತ್ತಾ ಒರೆಸಿ. ಪಂಪ್‌ಸೆಟ್ ಮನೆಯ ಎಲ್‌ಇಡಿ ಆರಿಸಲು ಮರೆಯಬೇಡಿ. ಮುಖ್ಯವಾಗಿ, ನಿಮ್ಮ ಹಳ್ಳಿಯಿಂದ ಪೇಟೆ ಯಾವ ದಿಕ್ಕಿಗಿದೆ? ದಕ್ಷಿಣಕ್ಕೋ ಆಗ್ನೇಯಕ್ಕೋ ಇದ್ದರೆ ಅದರ ಬೆಳಕೇ ಆಕಾಶಗಂಗೆಯನ್ನು ನುಂಗುತ್ತೆ.

ಹೊಸದುರ್ಗದವ:
ಪೇಟೆ ನಮಗೆ ಉತ್ತರಕ್ಕಿದೆ, ಬೆನ್ನ ಹಿಂದೆ ಬೀಳುತ್ತೆ. ನಿನ್ನೆ ರಾತ್ರಿ ಟೆರೇಸ್ ಮೇಲೆ ನಿಂತು ಲುಬ್ಧಕ ನಕ್ಷತ್ರದ ಮೇಲೆ ಫೋಕಸ್ ಅಭ್ಯಾಸ ಮಾಡಿದೆ. ಹತ್ತು ಸಲ ತಪ್ಪಿ ಹನ್ನೊಂದನೇ ಸಲ ಸೂಜಿಮೊನೆ ಬಂತು! ತೋಟದ ಪಶ್ಚಿಮದ ಬದುವಿನಲ್ಲಿ ಒಂಟಿ ತೆಂಗಿನ ಮರ ಒಂದಿದೆ, ಅದರ ವಾಯುವ್ಯಕ್ಕೆ ನಿಂತರೆ ಮರ ಆಗ್ನೇಯಕ್ಕೇ ಸಿಗುತ್ತೆ. ಅಮಾವಾಸ್ಯೆ ರಾತ್ರಿ ತಮ್ಮನನ್ನೂ ಎಬ್ಬಿಸಿಕೊಂಡು ಹೋಗ್ತೀನಿ. ಫೋಟೋ ಹೇಗೇ ಬರಲಿ, ಇಲ್ಲೇ ಹಾಕ್ತೀನಿ.