ಫೈಕಸ್ ಬೋನ್ಸಾಯ್ ಕುಂಡ ಬದಲಾಯಿಸೋದು ಈಗಲಾ, ಆಮೇಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಫೈಕಸ್ (ಆಲ, ಅರಳಿ ಜಾತಿಯ ಮರ) ಬೋನ್ಸಾಯ್ ಕುಂಡ ಬದಲಾಯಿಸಲೇಬೇಕಾಗಿದೆ. ಬೇರು ಕೆಳಗಿನ ತೂತಿನಿಂದ ಹೊರಗೆ ಬಂದಿದೆ, ನೀರು ಹಾಕಿದರೆ ಒಳಗೆ ಇಳಿಯದೆ ಅಂಚಿನಿಂದ ಹರಿದುಹೋಗುತ್ತೆ. ಕಡ್ಡಿಯಿಂದ ಮಣ್ಣು ಚುಚ್ಚಿ ಸಡಿಲ ಮಾಡಿದೆ, ಕುಂಡವನ್ನೇ ನೀರಲ್ಲಿ ಮುಳುಗಿಸಿಟ್ಟೂ ನೋಡಿದೆ. ಸ್ವಲ್ಪ ದಿನ ಸರಿ ಇರುತ್ತೆ, ಮತ್ತೆ ಅದೇ ಕತೆ.

ಹೊಸ ಮಣ್ಣಿನ ಮಿಶ್ರಣಕ್ಕೆ ಅಕಡಾಮಾ (ತೇವ ಹಿಡಿದಿಡುವ ಜಪಾನಿನ ಕಾಳುಮಣ್ಣು), ಪ್ಯೂಮಿಸ್ (ಹಗುರವಾದ, ತೂತುತೂತಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು ಮೂರನ್ನೂ ಜರಡಿ ಹಿಡಿದು, ಪುಡಿ ತೆಗೆದು, 2ರಿಂದ 5 ಮಿ.ಮೀ. ಕಾಳು ಮಾತ್ರ ಇಟ್ಟುಕೊಂಡಿದ್ದೇನೆ. ಸಮಪಾಲು ಹಾಕಿ ಅಂತ ಕೆಲವರು, ಫೈಕಸ್‌ಗೆ ತೇವ ಜಾಸ್ತಿ ಬೇಕು, ಅಕಡಾಮಾ ಅರ್ಧದಷ್ಟಿರಲಿ ಅಂತ ಇನ್ನು ಕೆಲವರು.

ನಿಜವಾದ ಗೊಂದಲ ಸಮಯದ್ದು. ಎಲೆ ಉದುರಿಸೋ ಮರಗಳಿಗೆ ಮೊಗ್ಗು ಉಬ್ಬುವ ಹೊತ್ತು ಸರಿ, ಅದು ಗೊತ್ತು. ಫೈಕಸ್ ಉಷ್ಣವಲಯದ ಮರ, ಬೆಚ್ಚಗಿದ್ದು ಚುರುಕಾಗಿ ಬೆಳೆಯುವಾಗಲೇ ಮಾಡಬೇಕು ಅಂತಾರೆ. ಈಗ ತುದಿಯಲ್ಲೆಲ್ಲ ಚಿಗುರು ಬರ್ತಿದೆ. ಎಲೆ ಇಷ್ಟು ಎಳಸಾಗಿರುವಾಗ ಬೇರು ಕತ್ತರಿಸಿದರೆ ಸೊರಗಿಬಿಡುತ್ತೇನೋ ಅನ್ನೋ ಭಯ. ತುಂಬಾ ಪ್ರೀತಿಯ ಮರ ಇದು.

ಫೈಕಸ್ ಬೆಳೆಸಿ ಅನುಭವ ಇರೋರು ದಯವಿಟ್ಟು ಹೇಳಿ: ಈ ಚಿಗುರು ಬಲಿಯೋವರೆಗೂ ಕಾಯಬೇಕಾ, ಈಗಲೇ ಮಾಡಬಹುದಾ? ಸಮಪಾಲು ಮಿಶ್ರಣ ಸಾಕಾ, ಅಕಡಾಮಾ ಹೆಚ್ಚಿಸಬೇಕಾ?