ಬುಡ 250 ಡಿಗ್ರಿ ತಿರುಗಬೇಕು: ಯಾವ ಸರ್ವೋ ಆರಿಸಲಿ?

ಪ್ರಶ್ನೆ:
ಪುಟ್ಟ ರೋಬೋ ತೋಳಿನ ಬುಡ ಕನಿಷ್ಠ 250 ಡಿಗ್ರಿ ತಿರುಗಬೇಕು, ಹೇಳಿದ ಕೋನದಲ್ಲಿ ನಿಲ್ಲಬೇಕು. ಬುಡದ ಮೇಲಿನ ತೂಕ ಸುಮಾರು 600 ಗ್ರಾಂ. ನಿಯಂತ್ರಿಸುವ ಬೋರ್ಡು ಆರ್ಡುಯಿನೊ ಊನೊ. 180, 270, 360 ಡಿಗ್ರಿ ಎಂದು ಮೂರು ಬಗೆಯ ಸರ್ವೋಗಳಿವೆ (ಸರ್ವೋ ಎಂದರೆ ಸಂಕೇತ ಕೊಟ್ಟಂತೆ ತಿರುಗುವ ಗೇರು ಮೋಟಾರು). 360 ತಗೊಂಡರೆ ಎಲ್ಲದಕ್ಕೂ ಆಗುತ್ತಲ್ಲವೇ? 20 ಕೆಜಿಯದ್ದು ಸಾಕೇ?

ಉತ್ತರ 1:
360 ಬೇಡ. ಆ ಹೆಸರಿನಲ್ಲಿ ಸಿಗುವ ಹೆಚ್ಚಿನವು ನಿಲ್ಲದೆ ಸುತ್ತುವ ಸರ್ವೋಗಳು. ಅವುಗಳಲ್ಲಿ ಪಲ್ಸ್ (ಬೋರ್ಡು ಕಳಿಸುವ ಚುಟುಕು ವಿದ್ಯುತ್ ಸಂಕೇತ, ಅದರ ಅವಧಿಯೇ ಆದೇಶ) ಹೇಳುವುದು ಕೋನವನ್ನಲ್ಲ, ವೇಗವನ್ನು. 1500 ಮೈಕ್ರೋಸೆಕೆಂಡಿಗೆ ನಿಲ್ಲುತ್ತದೆ. ಹೆಚ್ಚಿಸಿದರೆ ಒಂದು ಕಡೆಗೆ, ಇಳಿಸಿದರೆ ಇನ್ನೊಂದು ಕಡೆಗೆ ಸುತ್ತುತ್ತದೆ. ಚಕ್ರಕ್ಕೆ ಸರಿ, ತೋಳಿಗಲ್ಲ.

270ರ ಡಿಜಿಟಲ್ ಸರ್ವೋ ತಗೊಳ್ಳಿ. ಡಿಎಸ್3218ನಂಥ ಮಾದರಿಗಳು 180 ಮತ್ತು 270 ಎರಡರಲ್ಲೂ ಬರುತ್ತವೆ, ಕೊಳ್ಳುವಾಗ ಕೋನ ನೋಡಿ.

ಎಡವುವುದು ಕೋಡಿನಲ್ಲಿ. ಆರ್ಡುಯಿನೊದ ಸರ್ವೋ ಲೈಬ್ರರಿ ತಾನಾಗಿ ಕಳಿಸುವುದು 544ರಿಂದ 2400 ಮೈಕ್ರೋಸೆಕೆಂಡ್ ಮಾತ್ರ. 500–2500ಕ್ಕೆ 270 ಡಿಗ್ರಿ ತಿರುಗುವ ಸರ್ವೋ ಇದರಲ್ಲಿ 250ಕ್ಕೇ ನಿಲ್ಲುತ್ತದೆ. ಪಿನ್ ಜೋಡಿಸುವ ಸಾಲಿನಲ್ಲೇ 500, 2500 ಎಂದು ಮಿತಿ ಕೊಡಿ. ಕೋನದ ಬದಲು ಮೈಕ್ರೋಸೆಕೆಂಡ್ ಕಳಿಸಿ: ಒಂದು ಡಿಗ್ರಿಗೆ 7.4. ಲೆಕ್ಕ ಇಷ್ಟೇ, ಕೋನವನ್ನು 2000ದಿಂದ ಗುಣಿಸಿ, 270ರಿಂದ ಭಾಗಿಸಿ, 500 ಕೂಡಿಸಿ. ಆದರೆ ಊನೊದಲ್ಲಿ ಇಂಟ್ (ಪೂರ್ಣಾಂಕ ಇಡುವ ಬಗೆ) 32767ಕ್ಕೆ ಮುಗಿಯುತ್ತದೆ. 17 ಡಿಗ್ರಿಯಿಂದಲೇ ಗುಣಲಬ್ಧ ಉಕ್ಕಿ, ಸರ್ವೋ ಎತ್ತಲೋ ಜಿಗಿಯುತ್ತದೆ. ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಬಳಸಿ, ಇಲ್ಲವೇ ಮ್ಯಾಪ್ ಫಂಕ್ಷನ್.

ಎರಡೂ ತುದಿಗಳನ್ನು 10 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಹುಡುಕಿ. ಗುಂಯ್ ಎಂದು ಸದ್ದು ಬಂದರೆ ಗೇರು ಒಳಗಿನ ತಡೆಗೆ ಒತ್ತುತ್ತಿದೆ ಎಂದರ್ಥ. 30 ಮೈಕ್ರೋಸೆಕೆಂಡ್ ಹಿಂದೆ ಬನ್ನಿ, ಇಲ್ಲದಿದ್ದರೆ ಮೋಟಾರು ಕಾದು ಸುಡುತ್ತದೆ.

ಉತ್ತರ 2:
20 ಕೆಜಿ ಎಂದರೆ 20 ಕೆಜಿ ಎತ್ತುತ್ತದೆ ಎಂದಲ್ಲ, ಅದು ಕೆಜಿ-ಸೆಂಟಿಮೀಟರ್. ಅಕ್ಷದಿಂದ 10 ಸೆಂ.ಮೀ. ದೂರದಲ್ಲಿ 2 ಕೆಜಿ, ಅದೂ ಸರ್ವೋ ಮುಂದಕ್ಕೆ ಸರಿಯದೆ ತಡೆದು ನಿಲ್ಲುವ ಮಿತಿ. ಅದರ ಮೂರನೇ ಒಂದು ಭಾಗದಷ್ಟೇ ದುಡಿಸಿ. ಭುಜದ ಕೀಲಿಗೆ ಈ ಲೆಕ್ಕ ಬೇಕು: 15 ಸೆಂ.ಮೀ. ತುದಿಯಲ್ಲಿ 300 ಗ್ರಾಂ ಇದ್ದರೆ 4.5, ತೋಳಿನದೇ 100 ಗ್ರಾಂ ತೂಕ ನಡುವೆ ಬೀಳುವುದರಿಂದ 0.75, ಒಟ್ಟು 5.25 ಕೆಜಿ-ಸೆಂ.ಮೀ. ಇದು 20ರ ಮೂರನೇ ಒಂದು ಭಾಗದೊಳಗೇ ಇದೆ, ಸಾಕು.

ಬುಡದ ಅಕ್ಷ ನೇರ ನಿಂತಿರುವುದರಿಂದ ಅಲ್ಲಿ ಗುರುತ್ವದ ಹೊರೆ ಇಲ್ಲ. ಆದರೆ 600 ಗ್ರಾಂ ಭಾರ ಸರ್ವೋದ ಶಾಫ್ಟಿನ ಮೇಲೆ ಕೂರಬಾರದು. ಅಗಲವಾದ ಬೇರಿಂಗ್ ಹಾಕಿ. ಭಾರ ಅದಕ್ಕೆ, ತಿರುಚುವ ಕೆಲಸ ಮಾತ್ರ ಸರ್ವೋಗೆ. ಚಾಚಿದ ತೋಳನ್ನು ಒಮ್ಮೆಲೇ ನಿಲ್ಲಿಸಿದರೆ ಗೇರಿನ ಹಲ್ಲು ಮುರಿಯಬಹುದು, ಹಾಗಾಗಿ ಶುರುವಿನಲ್ಲೂ ಕೊನೆಯಲ್ಲೂ ವೇಗ ಇಳಿಸಿ.

ಕರೆಂಟು: ತಡೆದು ನಿಂತಾಗ ಇಂಥ ಒಂದು ಸರ್ವೋ ಸುಮಾರು 2 ಆಂಪಿಯರ್ ಎಳೆಯುತ್ತದೆ. ಊನೊದ 5 ವೋಲ್ಟ್ ಪಿನ್ನಿನಿಂದ ಕೊಟ್ಟರೆ ಬೋರ್ಡು ರೀಸೆಟ್ ಆಗುತ್ತಲೇ ಇರುತ್ತದೆ. ಪ್ರತ್ಯೇಕ 6 ವೋಲ್ಟ್ ಸಪ್ಲೈ, ಸರ್ವೋ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡರ ಗ್ರೌಂಡೂ ಒಂದೇ.

ಪ್ರಶ್ನೆ ಕೇಳಿದವರು:
180ರದ್ದು ಒಂದಿದೆ. ಗೇರು ಹಾಕಿ ಹೆಚ್ಚಿಸಬಹುದೇ? ಹಲವು ಸರ್ವೋಗಳಿಗೆ ಪಲ್ಸ್ ಕಳಿಸುವ ಪಿಸಿಎ9685 ಬೋರ್ಡು ಬಳಸಿದರೆ?

ಉತ್ತರ 3:
ಆಗುತ್ತದೆ. ಸರ್ವೋಗೆ 36 ಹಲ್ಲು, ಬುಡಕ್ಕೆ 24 ಹಲ್ಲಿನ ಗೇರು ಹಾಕಿದರೆ 270. ಟಾರ್ಕ್ (ತಿರುಚುವ ಬಲ) ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ, ಕೋನದ ತಪ್ಪು ಒಂದೂವರೆ ಪಟ್ಟಾಗುತ್ತದೆ, ಜೊತೆಗೆ ಹಲ್ಲುಗಳ ನಡುವಿನ ಸಡಿಲು. ನಿಖರವಾಗಿ ನಿಲ್ಲಬೇಕಾದರೆ 270ರದ್ದೇ ಮೇಲು.

ಪಿಸಿಎ9685 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡನ್ನು 4096 ಪಾಲು ಮಾಡುತ್ತದೆ. ಹೆಜ್ಜೆಗೆ 4.88 ಮೈಕ್ರೋಸೆಕೆಂಡ್, ಅಂದರೆ 270ರ ಸರ್ವೋದಲ್ಲಿ 0.66 ಡಿಗ್ರಿ, 20 ಸೆಂ.ಮೀ. ತೋಳಿನ ತುದಿಯಲ್ಲಿ ಎರಡು ಮಿ.ಮೀ.ಗೂ ಹೆಚ್ಚು. ಹೆಜ್ಜೆ ಇನ್ನೂ ಸಣ್ಣದಾಗಲು ಬುಡದ ಸರ್ವೋವನ್ನು ನೇರ ಊನೊ ಪಿನ್ನಿಗೇ ಕೊಡಿ, ಉಳಿದವು ಆ ಬೋರ್ಡಿನಲ್ಲಿರಲಿ.